ಎಕ್ಕ ಮೊದಲು, ತೆಂಗು ಕೊನೆಗೆ

ಮಿಡಿಗೇಶಿ ದುರ್ಗದ ಬುಡದಲ್ಲಿ, ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಅಕ್ಕಪಕ್ಕದಲ್ಲಿ, ಯಾರೂ ನೆಡದೆ ನೀರು ಹಾಕದೆ ಬೆಳೆದು ನಿಂತಿರುವ ಗಿಡ ಎಕ್ಕ. ಆಡು ಕೂಡ ಮೂಸಿ ಮುಂದೆ ಹೋಗುತ್ತದೆ. ರಥಸಪ್ತಮಿಯ ದಿನ ಎಲೆ ಕೀಳುವವರು, ಶನಿವಾರ ಆಂಜನೇಯನಿಗೆ ಹಾರ ಕಟ್ಟುವವರು ಬಿಟ್ಟರೆ ಅದರ ತಂಟೆಗೆ ಹೋಗುವವರಿಲ್ಲ. ಹಾಲು ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು ಎಂಬ ಭಯ ಬೇರೆ. ಆದರೂ ಒಮ್ಮೆ ಬೆರಳು ದಪ್ಪದ ಎಕ್ಕದ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯಲು ನೋಡಬೇಕು. ಒಳಗಿನ ಕಟ್ಟಿಗೆ ಲಟಕ್ಕನೆ ತುಂಡಾಗುತ್ತದೆ, ತೊಗಟೆ ಮಾತ್ರ ಬಿಡುವುದಿಲ್ಲ. ಎಳೆದಷ್ಟೂ ಪಟ್ಟೆಪಟ್ಟೆಯಾಗಿ ಬುಡದವರೆಗೆ ಸುಲಿದು ಬರುತ್ತದೆಯೇ ಹೊರತು ಹರಿಯುವುದಿಲ್ಲ. ಆ ಪಟ್ಟೆಯನ್ನು ಒಣಗಿಸಿ ಉಗುರಿನಿಂದ ಕೆರೆದರೆ ಹೊಳೆಯುವ ಬಿಳಿ ಎಳೆಗಳು ಬೇರೆಯಾಗುತ್ತವೆ. ಹಿಂದೆ ಬಿಲ್ಲಿನ ಹೆದೆಗೂ ಗಾಳದ ದಾರಕ್ಕೂ ಆಗುತ್ತಿದ್ದುದು ಇದೇ ನಾರು.

1855ರಲ್ಲಿ ಲಂಡನ್ನಿನಲ್ಲಿ ಭಾರತದ ನಾರುಗಿಡಗಳ ಕುರಿತು ದೊಡ್ಡದೊಂದು ಪುಸ್ತಕ ಬಂತು. ಬರೆದವರು ಜಾನ್ ಫೋರ್ಬ್ಸ್ ರಾಯ್ಲ್, ಹಿಂದೆ ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಂಡಿದ್ದ ವೈದ್ಯ. ಅದು ಕ್ರಿಮಿಯಾ ಯುದ್ಧದ ಕಾಲ. ಬ್ರಿಟಿಷ್ ಹಡಗುಗಳ ಹಗ್ಗ ಬಹುಪಾಲು ರಷ್ಯಾದ ನಾರಿನದು, ಯುದ್ಧ ನಡೆಯುತ್ತಿದ್ದುದೂ ರಷ್ಯಾದ ಮೇಲೆಯೇ. ಹಗ್ಗಕ್ಕೆ ಬೇರೆ ದಾರಿ ಹುಡುಕಲೇಬೇಕಿತ್ತು. ಆ ಪುಸ್ತಕದಲ್ಲಿ ಒಂದು ಪುಟ್ಟ ಪಟ್ಟಿ ಇದೆ. ಮದ್ರಾಸ್ ಸೀಮೆಯಲ್ಲಿ ಬಹುಕಾಲ ಕೆಲಸ ಮಾಡಿದ ಸಸ್ಯವಿಜ್ಞಾನಿ ರಾಬರ್ಟ್ ವೈಟ್, ಹೋಲಿಕೆಗೆಂದೇ ಹೊಸೆಸಿದ ಹಗ್ಗಗಳಿಗೆ ಭಾರ ಕಟ್ಟಿ, ಯಾವುದು ಎಷ್ಟಕ್ಕೆ ಹರಿಯಿತು ಎಂದು ಬರೆದಿಟ್ಟ ಲೆಕ್ಕ ಅದು. ತೆಂಗಿನ ನಾರಿನ ಹಗ್ಗ 224 ಪೌಂಡಿಗೆ ಹರಿಯಿತು. ಪುಂಡಿ ನಾರಿನದು 290, ಬಿಲ್ಲಿನ ಹೆದೆಗೆ ಹೆಸರಾದ ಮೂರ್ವೆಯದು 316, ಹತ್ತಿಯದು 346, ಕತ್ತಾಳೆಯದು 362, ಜನುಪದ್ದು 407. ಎಲ್ಲಕ್ಕಿಂತ ಮೇಲೆ, 552 ಪೌಂಡಿನವರೆಗೆ, ಅಂದರೆ ಸುಮಾರು 250 ಕಿಲೋ ತೂಗಿ ನಿಂತದ್ದು ಎಕ್ಕದ ನಾರು.

ಈ ಪಟ್ಟಿಯ ಗಿಡಗಳನ್ನೆಲ್ಲ ನೋಡಬೇಕಾದರೆ ಮದ್ರಾಸಿಗೆ ಹೋಗಬೇಕಿಲ್ಲ. ಎಕ್ಕ ರಸ್ತೆ ಬದಿಯಲ್ಲಿದೆ, ಕತ್ತಾಳೆ ಹೊಲದ ಬದುವಿನಲ್ಲಿ. ಪುಂಡಿ ಹಿಂದಿನ ಕಾಲದ ರಾಗಿ ಹೊಲದ ಅಂಚಿನಲ್ಲಿ ನಾಲ್ಕು ಸಾಲು ಇರುತ್ತಿತ್ತು, ಸೊಪ್ಪಿಗೂ ಆಯಿತು, ನಾರಿಗೂ ಆಯಿತು. ಜನುಪವನ್ನು ಈಗ ಅಪ್ಸೆಣಬು ಎಂದು ಕರೆದು ಹಸಿರೆಲೆ ಗೊಬ್ಬರಕ್ಕೆ ಬಿತ್ತುತ್ತಾರೆ. ತೆಂಗಿಗಂತೂ ತುಮಕೂರು ಜಿಲ್ಲೆಯೇ ಹೆಸರುವಾಸಿ. ಮೂರ್ವೆಯ ಹತ್ತಿರದ ನೆಂಟನೊಂದು ಬೆಂಗಳೂರಿನ ಫ್ಲ್ಯಾಟುಗಳ ಕುಂಡದಲ್ಲಿ ‘ಸ್ನೇಕ್ ಪ್ಲ್ಯಾಂಟ್’ ಎಂಬ ಹೆಸರಿನಲ್ಲಿ ಬೆಳೆಯುತ್ತಿದೆ.

ಪಟ್ಟಿಯಲ್ಲಿ ಒಂದು ಸೋಜಿಗವಿದೆ. ಮೊದಲ ಸ್ಥಾನದ ಎಕ್ಕದಿಂದ ಯಾರೂ ಎತ್ತಿನ ಹಗ್ಗ ಮಾಡಲಿಲ್ಲ. ಕೊನೆಯ ಸ್ಥಾನದ ತೆಂಗಿನ ನಾರು ಲೋಕವನ್ನೇ ಸುತ್ತಿತು, ಅರಬ್ಬೀ ಸಮುದ್ರದ ಹಡಗುಗಳ ಹಲಗೆಗಳನ್ನು ಮೊಳೆಯಿಲ್ಲದೆ ಹೊಲಿದು ಕೂಡಿಸಿದ್ದೂ ಅದೇ. ಹಾಗಾದರೆ ತೂಕ ಕಟ್ಟಿ ನೋಡಿದ್ದು ಏನನ್ನು?

ನಾರಿನ ಬಲವನ್ನು ಈಗಿನ ಪ್ರಯೋಗಾಲಯಗಳು ಮೆಗಾಪಾಸ್ಕಲ್‌ಗಳಲ್ಲಿ ಹೇಳುತ್ತವೆ. ಮನೆಯ ಲೆಕ್ಕಕ್ಕೆ ತಂದರೆ ಹೀಗೆ: ಒಂದು ಚದರ ಮಿಲಿಮೀಟರ್ ಅಡ್ಡಗಾತ್ರದಷ್ಟು ನಾರು ಎಷ್ಟು ಕಿಲೋ ಹೊರುತ್ತದೆ? ಕತ್ತಾಳೆಯ ಜಾತಿಯದೇ ಆದ ಸೈಸಲ್ ಸುಮಾರು 50ರಿಂದ 65 ಕಿಲೋ ಹೊರುತ್ತದೆ. ಬಂಗಾಳದ ಸೆಣಬು 40ರಿಂದ 75, ಹತ್ತಿ 30ರಿಂದ 60. ಯುರೋಪಿನ ಲಿನನ್ ಬಟ್ಟೆಯ ಅಗಸೆನಾರು ನೂರರವರೆಗೂ ಹೋಗುತ್ತದೆ. ತೆಂಗಿನ ನಾರು ಮಾತ್ರ 13ರಿಂದ 22ಕ್ಕೇ ನಿಲ್ಲುತ್ತದೆ. ಮನೆ ಕಟ್ಟುವಾಗ ಬಳಸುವ ಸಾಧಾರಣ ಉಕ್ಕಿನ ಸರಳು ಇದೇ ಲೆಕ್ಕದಲ್ಲಿ 40–50 ಕಿಲೋ ಹೊರುತ್ತದೆ. ಅಂದರೆ ಬದುವಿನ ಕತ್ತಾಳೆಯ ಎಳೆ ದಪ್ಪಕ್ಕೆ ದಪ್ಪ ಹೋಲಿಸಿದರೆ ಉಕ್ಕಿಗೆ ಸಮ. ತೂಕದಲ್ಲಿ ಉಕ್ಕಿನ ಐದನೇ ಒಂದು ಪಾಲೂ ಇಲ್ಲ. ಮಿಲಿಮೀಟರಿನ ಐದನೇ ಒಂದು ಭಾಗ ದಪ್ಪದ ಒಂದೇ ಒಂದು ಎಳೆ ಒಂದೂವರೆ ಕಿಲೋ ಹೊರುತ್ತದೆ. ತಲೆಗೂದಲು ಹೊರುವುದು ನೂರು ಗ್ರಾಂ ಆಸುಪಾಸು.

ಈ ಸಂಖ್ಯೆಗಳಲ್ಲಿ ‘ಇಷ್ಟರಿಂದ ಇಷ್ಟು’ ಎಂಬ ಹರವು ದೊಡ್ಡದಿದೆ. ಅದನ್ನು ಪ್ರಯೋಗಾಲಯದ ಸೋಮಾರಿತನ ಎಂದುಕೊಳ್ಳಬಾರದು. ನೈಲಾನ್ ಎಳೆ ಕಾರ್ಖಾನೆಯಿಂದ ಹೊರಬರುವಾಗ ಮೊದಲ ಮೀಟರಿಗೂ ಸಾವಿರದ ಮೀಟರಿಗೂ ವ್ಯತ್ಯಾಸವಿರುವುದಿಲ್ಲ. ಕತ್ತಾಳೆಯ ಒಂದೇ ಪಟ್ಟೆಯಲ್ಲಿ ಅಂಚಿನ ಎಳೆ ಬೇರೆ, ನಡುವಿನ ಎಳೆ ಬೇರೆ. ಅಂಚಿನದು ಗಟ್ಟಿ, ಅದರ ಕೆಲಸವೇ ಎಲೆಯನ್ನು ನೆಟ್ಟಗೆ ನಿಲ್ಲಿಸುವುದು. ನಡುವಿನದು ನೀರು ಸಾಗಿಸುವ ಕೊಳವೆಗಳಿಗೆ ಅಂಟಿಕೊಂಡು ಚಪ್ಪಟೆಯಾಗಿ ಬೆಳೆದದ್ದು. ಬುಡದ ಬಲಿತ ಪಟ್ಟೆಗೂ ಸುಳಿಯ ಎಳೆ ಪಟ್ಟೆಗೂ ಅಂತರವಿದೆ. ಒಂದೇ ಎಳೆಯನ್ನು ಗೇಣುದ್ದ ಹಿಡಿದು ಜಗ್ಗಿದರೆ ಒಂದು ಲೆಕ್ಕ, ಮೊಳದುದ್ದ ಹಿಡಿದರೆ ಅದಕ್ಕಿಂತ ಕಡಿಮೆ. ಉದ್ದ ಹೆಚ್ಚಿದಷ್ಟೂ ಎಲ್ಲೋ ಒಂದು ಕಡೆ ಹುಳುಕು ಇರುವ ಸಂಭವ ಹೆಚ್ಚು, ಹರಿಯುವುದು ಅಲ್ಲಿಯೇ.

ತೆಂಗಿನ ನಾರು ಯಾಕೆ ಕೊನೆಗೆ ಬಂತು ಎಂಬುದಕ್ಕೆ ಉತ್ತರ ಸಿಗಬೇಕಾದರೆ ಎಳೆಯ ಒಳಗೆ ಇಣುಕಬೇಕು. ಗಿಡದ ನಾರೆಂದರೆ ಉದ್ದುದ್ದ ಜೀವಕೋಶಗಳ ಕಟ್ಟು. ಹತ್ತಿಯಲ್ಲಿ ಒಂದೊಂದು ಎಳೆಯೂ ಒಂದೇ ಕೋಶ. ಕತ್ತಾಳೆಯಲ್ಲಿ ಕೆಲವು ಮಿಲಿಮೀಟರ್ ಉದ್ದದ ಕೋಶಗಳು ನೂರರ ಲೆಕ್ಕದಲ್ಲಿ ಅಕ್ಕಪಕ್ಕ ಅಂಟಿಕೊಂಡು, ತುದಿಗೆ ತುದಿ ಕೂಡಿ, ಮೀಟರುದ್ದದ ಎಳೆಯಾಗಿವೆ. ತೆಂಗಿನಲ್ಲಿ ಕೋಶಗಳು ಒಂದು ಮಿಲಿಮೀಟರಿನಷ್ಟೇ. ಪ್ರತಿ ಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಎಂಬ ವಸ್ತುವಿನ ಅತಿಸೂಕ್ಷ್ಮ ತಂತುಗಳಿವೆ. ಅವು ಕೋಶದ ಸುತ್ತ ಹಗ್ಗದ ಹುರಿಯ ಹಾಗೆ ಓರೆಯಾಗಿ ಸುತ್ತಿಕೊಂಡಿರುತ್ತವೆ. ಆ ಓರೆ ಎಷ್ಟು ಎಂಬುದರ ಮೇಲೆ ನಾರಿನ ಸ್ವಭಾವ ನಿಂತಿದೆ. ಸೆಣಬಿನಲ್ಲಿ ಅದು ಎಂಟು ಡಿಗ್ರಿ, ಬಾಳೆಯಲ್ಲಿ ಹನ್ನೊಂದು-ಹನ್ನೆರಡು, ಸೈಸಲ್‌ನಲ್ಲಿ ಸುಮಾರು ಇಪ್ಪತ್ತು. ತೆಂಗಿನ ನಾರಿನಲ್ಲಿ ನಲವತ್ತು ದಾಟುತ್ತದೆ.

ತಂತುಗಳು ನೆಟ್ಟಗಿದ್ದರೆ ಎಳೆದ ಭಾರ ನೇರವಾಗಿ ಅವುಗಳ ಮೇಲೆಯೇ ಬೀಳುತ್ತದೆ. ನಾರು ಬಿಗಿ, ಬಲ ಹೆಚ್ಚು, ಹಿಗ್ಗುವುದು ಕಡಿಮೆ. ಸೆಣಬು ನೂರಕ್ಕೆ ಎರಡರಷ್ಟೂ ಹಿಗ್ಗದೆ ಪಟ್ಟನೆ ಹರಿಯುತ್ತದೆ, ಸೈಸಲ್ ಎರಡೂವರೆಯವರೆಗೆ ತಾಳುತ್ತದೆ. ತಂತುಗಳು ಓರೆಯಾಗಿದ್ದರೆ ಎಳೆದಾಗ ಮೊದಲು ಸುರುಳಿ ಬಿಚ್ಚಿಕೊಳ್ಳುತ್ತದೆ, ಭಾರ ಆಮೇಲೆ. ಹಾಗಾಗಿ ತೆಂಗಿನ ನಾರು ಹರಿಯುವ ಮುನ್ನ ನೂರಕ್ಕೆ ಮೂವತ್ತರವರೆಗೂ ಹಿಗ್ಗುತ್ತದೆ. ಒಂದಡಿ ನಾರು ಒಂದಡಿ ಮೂರು ಅಂಗುಲ ಆದ ಮೇಲೂ ಹರಿದಿರುವುದಿಲ್ಲ. ತೆಂಗು, ಬಾಳೆ, ಸೈಸಲ್ ನಾರುಗಳ ಈ ಒಳಗುಟ್ಟನ್ನು 1980ರ ದಶಕದಲ್ಲಿ ಅಳೆದು ಲೋಕಕ್ಕೆ ತಿಳಿಸಿದವರಲ್ಲಿ ಮುಖ್ಯರು ತಿರುವನಂತಪುರದ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ಕೆ.ಜಿ. ಸತ್ಯನಾರಾಯಣ ಮತ್ತು ಅವರ ಸಂಗಡಿಗರು. ಮುಂದೆ ಬೆಂಗಳೂರಿನ ಪೂರ್ಣಪ್ರಜ್ಞ ವೈಜ್ಞಾನಿಕ ಸಂಶೋಧನಾ ಸಂಸ್ಥೆಯಿಂದಲೂ ಅವರು ಸಸ್ಯನಾರುಗಳ ಬಗ್ಗೆ ಬರೆದರು. ಕಾರ್ಬನ್ ನಾರು, ಗಾಜಿನ ನಾರು ಎಂದು ಲೋಕವೆಲ್ಲ ಓಡುತ್ತಿದ್ದಾಗ ತೆಂಗಿನ ಸಿಪ್ಪೆ, ಬಾಳೆದಿಂಡನ್ನು ಎಳೆಯೆಳೆಯಾಗಿ ಜಗ್ಗುತ್ತ ಕೂರಲು ಒಂದು ಬಗೆಯ ಹಟ ಬೇಕು.

ಈಗ ವೈಟ್ ಸಾಹೇಬರ ಪಟ್ಟಿಯನ್ನು ಇನ್ನೊಂದು ರೀತಿ ಓದಬಹುದು. ನಿಧಾನವಾಗಿ ತೂಕ ಏರಿಸಿದರೆ ತೆಂಗು ಮೊದಲು ಸೋಲುತ್ತದೆ, ನಿಜ. ಆದರೆ ಕಟ್ಟಿದ ಹೋರಿ ಬೆದರಿ ಜಗ್ಗಿದಾಗ, ಅಲೆ ಬಡಿದು ದೋಣಿ ಎಳೆದಾಗ ಹಗ್ಗಕ್ಕೆ ಬೀಳುವುದು ಏಟು. ಏಟನ್ನು ತಡೆಯಲು ಬಲವೊಂದೇ ಸಾಲದು, ಹಿಗ್ಗಬೇಕು. ಬಲ, ಹಿಗ್ಗು ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಹರಿಯುವ ಮುನ್ನ ತೆಂಗಿನ ನಾರು ಹೀರಿಕೊಳ್ಳುವ ಏಟು ಕತ್ತಾಳೆಯದರ ಮೂರು-ನಾಲ್ಕು ಪಟ್ಟು. ಪಟ್ಟಿ ಬುಡಮೇಲಾಗುತ್ತದೆ.

ಇನ್ನೊಂದು ಸಂಗತಿ ಕೊಳೆಯುವಿಕೆ. ಸೆಲ್ಯುಲೋಸ್ ಜೊತೆಗೆ ನಾರಿನಲ್ಲಿ ಲಿಗ್ನಿನ್ ಎಂಬ ಅಂಟುಪದಾರ್ಥವಿದೆ, ಮರವನ್ನು ಮರವಾಗಿಸುವುದು ಅದೇ. ತೆಂಗಿನ ನಾರಿನಲ್ಲಿ ಲಿಗ್ನಿನ್ ನೂರಕ್ಕೆ ನಲವತ್ತು ಮೀರುತ್ತದೆ. ಸೈಸಲ್‌ನಲ್ಲಿ ಹತ್ತರ ಸುತ್ತಮುತ್ತ, ಹತ್ತಿಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಮಣ್ಣಿನ ಸೂಕ್ಷ್ಮಾಣುಗಳಿಗೆ ಸೆಲ್ಯುಲೋಸ್ ಹಬ್ಬದೂಟ, ಲಿಗ್ನಿನ್ ಜೀರ್ಣವಾಗದ ತುತ್ತು. ಹತ್ತಿಯ ಹಗ್ಗವನ್ನು ಒದ್ದೆ ಮಣ್ಣಿನಲ್ಲಿ ಹೂತರೆ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ತೆಂಗಿನದು ವರ್ಷಗಟ್ಟಲೆ ಉಳಿಯುತ್ತದೆ. ರಸ್ತೆ, ಕೆರೆ ಏರಿಗಳ ಇಳಿಜಾರಿಗೆ ಹುಲ್ಲು ಬೇರು ಬಿಡುವವರೆಗೆ ಮಣ್ಣು ಹಿಡಿಯಲು ಹಾಸುವ ತೆಂಗಿನ ನಾರಿನ ಬಲೆಯ ಗುಟ್ಟು ಇಷ್ಟೇ.

ನಮ್ಮ ಕಡೆಯ ತೆಂಗಿನ ನಾರಿನ ಬಗ್ಗೆ ಇಲ್ಲಿಯೇ ಒಂದು ಮಾತು. ಕೇರಳದ ಹಳೆಯ ಪದ್ಧತಿಯಲ್ಲಿ ಹಸಿ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ಬಿಳಿ ನಾರು ತೆಗೆಯುತ್ತಾರೆ. ಕೊಬ್ಬರಿಯ ನಾಡಾದ ತಿಪಟೂರು ಕಡೆ ಕಾಯಿ ಬಲಿತು ಒಣಗಿದ ಮೇಲೆ ಸುಲಿಯುವುದು. ಆ ಸಿಪ್ಪೆ ಯಂತ್ರಕ್ಕೆ ಹೋಗಿ ಕಂದು ನಾರಾಗುತ್ತದೆ. ಹೊಸೆಯಲು ಒರಟು, ಹಾಸಿಗೆಗೆ, ಮ್ಯಾಟಿಗೆ, ಬ್ರಷ್ಷಿಗೆ ಹೇಳಿ ಮಾಡಿಸಿದ್ದು. ಮಿಡಿಗೇಶಿಯ ಸುತ್ತಮುತ್ತ ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ತೆಂಗು ಕೊಳವೆಬಾವಿ ಇದ್ದವರ ಬೆಳೆ. ಇಲ್ಲಿಯ ಸಹಜ ನಾರು ಕತ್ತಾಳೆಯೇ.

ಕತ್ತಾಳೆ ಮೂಲತಃ ನಮ್ಮದಲ್ಲ. ಮೆಕ್ಸಿಕೊ ಕಡೆಯಿಂದ ಯುರೋಪಿನವರ ಹಡಗುಗಳ ಜೊತೆ ಬಂದದ್ದು. ಆದರೆ ಬಂದ ಮೇಲೆ ಶಿರಾ, ಪಾವಗಡ, ಮಧುಗಿರಿಯ ಕಲ್ಲುನೆಲಕ್ಕೆ ಹುಟ್ಟಿದ ಮನೆಯ ಹಾಗೆ ಹೊಂದಿಕೊಂಡಿತು. ಹಗಲು ಎಲೆಯ ಬಾಯಿ ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ಉಸಿರಾಡುವ ಗಿಡ ಇದು. ನೀರು ಕಳೆದುಕೊಳ್ಳುವುದು ತೀರಾ ಕಡಿಮೆ. ದನ ಒಳಗೆ ಬಾರದಂತೆ ಬೇಲಿಯೂ ಆಯಿತು, ಬದುವಿನ ಮಣ್ಣೂ ನಿಂತಿತು, ನಾರು ಬಿಟ್ಟಿ ಸಿಕ್ಕಿತು. ವರ್ಷಗಟ್ಟಲೆ ಬೆಳೆದು, ಒಮ್ಮೆ ಮಾತ್ರ ಆಳೆತ್ತರ ಮೀರಿದ ಹೂಕಂಬ ಎತ್ತಿ ಸಾಯುತ್ತದೆ.

ಬಿಟ್ಟಿ ಎಂದೆ, ದುಡಿಮೆ ಬಿಟ್ಟಿಯಲ್ಲ. ಬಲಿತ ಪಟ್ಟೆಗಳನ್ನು ಕೊಯ್ದು, ಅಂಚಿನ ಮುಳ್ಳು ಸವರಿ, ಕಟ್ಟು ಕಟ್ಟಿ ಕುಂಟೆಯ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸುತ್ತಿದ್ದರು. ಒಂದೆರಡು ವಾರದಲ್ಲಿ ತಿರುಳು ಕೊಳೆಯುತ್ತದೆ. ಆ ವಾಸನೆ ಊರಿಗೆಲ್ಲ ಗೊತ್ತಾಗುತ್ತದೆ. ಕತ್ತಾಳೆಯ ರಸದಲ್ಲಿ ನೊರೆ ಬರಿಸುವ ಸಪೋನಿನ್ ಇರುವುದರಿಂದ ಕುಂಟೆಯ ಮೀನು ಸತ್ತು ತೇಲುವುದೂ ಉಂಟು. ಅದೇ ರಸದಲ್ಲಿ ಸೂಜಿಮೊನೆಯ ಆಕ್ಸಲೇಟ್ ಹರಳುಗಳಿವೆ, ಕೈ ಮೈ ತುರಿಕೆ ಹತ್ತಿಕೊಳ್ಳುವುದು ಅವುಗಳಿಂದ. ಆಮೇಲೆ ಹಾಸುಗಲ್ಲಿನ ಮೇಲೆ ಬಡಿದು, ಜಾಲಾಡಿ, ಬಿಸಿಲಿಗೆ ಹಾಕಿದರೆ ನಾರು. ನೂರು ಕಿಲೋ ಹಸಿ ಪಟ್ಟೆಗೆ ಕೈಗೆ ಬರುವುದು ಮೂರೋ ನಾಲ್ಕೋ ಕಿಲೋ. ಉಳಿದದ್ದೆಲ್ಲ ನೀರು, ತಿರುಳು. ಕೊಳೆಹಾಕಿದ್ದು ಒಂದೆರಡು ದಿನ ಹೆಚ್ಚಾದರೂ ಕೆಟ್ಟಿತು. ತಿರುಳು ತಿಂದು ಮುಗಿಸಿದ ಸೂಕ್ಷ್ಮಾಣುಗಳು ಎಳೆಯನ್ನು ಹಿಡಿದಿರುವ ಅಂಟಿಗೇ ಕೈ ಹಾಕುತ್ತವೆ, ನಾರು ಕಪ್ಪಾಗಿ ಬಲ ಬೀಳುತ್ತದೆ. ದಿನಕ್ಕೊಮ್ಮೆ ಒಂದು ಪಟ್ಟೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ, ತಿರುಳು ಜಾರುತ್ತದೆಯೇ ಎಂದು ನೋಡುವವರ ಬೆರಳಿಗೇ ಆ ಲೆಕ್ಕ ಗೊತ್ತಿತ್ತು.

ಹಗ್ಗ ಹೊಸೆಯುವುದನ್ನು ಹತ್ತಿರದಿಂದ ನೋಡಿದವರು ಒಂದು ವಿಚಿತ್ರ ಗಮನಿಸಿರುತ್ತಾರೆ. ಮೀಟರುದ್ದದ ಎಳೆಗಳಿಂದ ಐವತ್ತು ಮೀಟರಿನ ಹಗ್ಗ ಆಗುತ್ತದೆ. ನಡುವೆ ಒಂದು ಗಂಟಿಲ್ಲ, ಒಂದು ಹನಿ ಅಂಟಿಲ್ಲ. ಮೊದಲು ನಾರನ್ನು ಒಂದು ದಿಕ್ಕಿಗೆ ತಿರುಚಿ ಹುರಿ ಮಾಡುತ್ತಾರೆ. ಒಂದು ತುದಿ ಮುಗಿಯುವ ಮುನ್ನವೇ ಹೊಸ ನಾರು ಸೇರಿಸುತ್ತ ಹೋಗುವುದು ಕೈಚಳಕ. ಎಲ್ಲ ಎಳೆಗಳ ತುದಿ ಒಂದೇ ಜಾಗದಲ್ಲಿ ಬಂದರೆ ಹಗ್ಗಕ್ಕೆ ಅದೇ ಕುತ್ತಿಗೆ. ಹಾಗೆ ಮೂರು ಹುರಿ ಆದ ಮೇಲೆ, ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ಸುತ್ತಿಸುತ್ತಾರೆ. ಹುರಿ ಬಿಚ್ಚಿಕೊಳ್ಳಲು ಹೊರಟರೆ ಹಗ್ಗ ಬಿಗಿಯುತ್ತದೆ, ಹಗ್ಗ ಬಿಚ್ಚಿಕೊಳ್ಳಲು ಹೊರಟರೆ ಹುರಿ ಬಿಗಿಯುತ್ತದೆ. ಎರಡೂ ಒಂದನ್ನೊಂದು ಬಿಡಲೊಲ್ಲವು. ಎಳೆದಷ್ಟೂ ಎಳೆಗಳು ಪರಸ್ಪರ ಒತ್ತಿಕೊಂಡು ಜಾರದಂತೆ ಹಿಡಿದುಕೊಳ್ಳುತ್ತವೆ. ನುಣುಪು ನಾರಿಗಿಂತ ಒರಟು ನಾರಿಗೆ ಇಲ್ಲಿ ಅನುಕೂಲ.

ಹುರಿ ಕಡಿಮೆಯಾದರೆ ಎಳೆಗಳು ಜಾರಿ ಹಗ್ಗ ಬಿಚ್ಚಿಹೋಗುತ್ತದೆ. ಹೆಚ್ಚಾದರೆ ಎಳೆಗಳು ತೀರ ಓರೆಯಾಗಿ, ತಮ್ಮ ಬಲದ ಒಂದು ಪಾಲನ್ನು ಒಬ್ಬರನ್ನೊಬ್ಬರು ಹಿಸುಕುವುದರಲ್ಲೇ ಕಳೆಯುತ್ತವೆ. ಸೈಸಲ್‌ನಂಥ ಬಿಗಿ ನಾರು ತಿರುಚಿದಾಗಲೇ ಮುರಿಯಲೂಬಹುದು. ಕೋಶದ ಗೋಡೆಯ ಓರೆಯಲ್ಲಿ ಗಿಡ ಯಾವ ಲೆಕ್ಕ ಹಾಕಿತ್ತೋ, ಹೊಸೆಯುವ ಕೈಯೂ ಅದೇ ಲೆಕ್ಕ ಹಾಕುತ್ತದೆ. ಇಷ್ಟಾಗಿಯೂ, ಎಳೆಗಳ ಬಲವನ್ನೆಲ್ಲ ಕೂಡಿಸಿದಷ್ಟು ಹಗ್ಗಕ್ಕೆ ಎಂದೂ ಬರುವುದಿಲ್ಲ. ಗಂಟು ಹಾಕಿದರಂತೂ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕಡಿತ.

ಒಂದು ಒಕ್ಕಲುಮನೆಯಲ್ಲಿ ಹಿಂದೆ ಎಷ್ಟು ಬಗೆಯ ಹಗ್ಗ ಇರುತ್ತಿತ್ತು! ದನ ಕಟ್ಟುವ ಕಣ್ಣಿ, ಎತ್ತಿನ ಮೂಗುದಾರ, ಹುಲ್ಲು ತುಂಬುವ ಕಲ್ಲಿ, ಬೆಣ್ಣೆ ಗಡಿಗೆ ತೂಗುಹಾಕುವ ನೆಲುವು, ಬಾವಿಯ ಹಗ್ಗ. ಎಲ್ಲವೂ ಒಂದೇ ನಾರಿನದಲ್ಲ. ಮೂಗುದಾರ ಸವೆದರೂ ಮೂಗು ಸವೆಯಬಾರದು, ಅದಕ್ಕೆ ಮೆತ್ತನೆಯ ಹತ್ತಿ ಅಥವಾ ಜನುಪ. ಕಣ್ಣಿಗೆ ಕತ್ತಾಳೆ ಅಥವಾ ಪುಂಡಿ. ಹೂವು ಕಟ್ಟುವುದಕ್ಕೆ ಬಾಳೆನಾರು. ಬಾಳೆನಾರನ್ನು ಹೂವಾಡಗಿತ್ತಿ ನೀರಿನಲ್ಲಿ ನೆನೆಸಿಟ್ಟೇ ಬಳಸುತ್ತಾಳೆ, ಒಣಗಿದ್ದು ಗಂಟು ಹಾಕುವಾಗಲೇ ಮುರಿಯುತ್ತದೆ. ನೀರು ಒಳಹೊಕ್ಕಾಗ ಕೋಶಗಳ ನಡುವಿನ ಅಂಟು ಸಡಿಲಗೊಂಡು ನಾರು ಬಾಗುತ್ತದೆ. ಹೂವಿನ ಜೊತೆ ನಾರು ಸ್ವರ್ಗಕ್ಕೆ ಹೋಗುವುದಕ್ಕೂ ಮುಂಚೆ ಅದಕ್ಕೆ ಒಂದು ಸ್ನಾನ ಆಗಲೇಬೇಕು.

ನೀರಿನ ವಿಷಯದಲ್ಲಿ ನಾರುಗಳು ಒಂದೊಂದು ಥರ. ಹತ್ತಿ, ಅಗಸೆ ಒದ್ದೆಯಾದಾಗ ಇನ್ನಷ್ಟು ಗಟ್ಟಿ. ಶಿರಾ ಕಡೆಯ ಕುರಿಗಾಹಿಯ ಕಂಬಳಿಯ ಉಣ್ಣೆ ಇದಕ್ಕೆ ತದ್ವಿರುದ್ಧ, ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಅದು ಪ್ರಾಣಿಯ ಕೂದಲು, ಪ್ರೋಟೀನು, ಅದರ ಜಾತಿಯೇ ಬೇರೆ. ಗಾಳಿಯ ತೇವವನ್ನೂ ಗಿಡದ ನಾರು ಹೀರುತ್ತದೆ. ಹದವಾದ ತೇವದ ಗಾಳಿಯಲ್ಲಿ ನೂರು ಕಿಲೋ ಒಣ ಹತ್ತಿ ಎಂಟೂವರೆ ಕಿಲೋ ನೀರು ಕುಡಿದಿರುತ್ತದೆ, ಸೆಣಬು ಹದಿಮೂರು ಮುಕ್ಕಾಲು ಕಿಲೋ. ವ್ಯಾಪಾರದ ಲೆಕ್ಕಪತ್ರದಲ್ಲಿ ಇದನ್ನು ಒಪ್ಪಿಕೊಂಡೇ ತೂಕ ಹಾಕುತ್ತಾರೆ. ಮಳೆಗಾಲದಲ್ಲಿ ನಾರು ಕೊಳ್ಳುವವನು ನೀರಿಗೂ ದುಡ್ಡು ಕೊಡುತ್ತಾನೆ.

ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಇದೆಲ್ಲ ದಿನನಿತ್ಯದ ಪರೀಕ್ಷೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಬಾವಿಯಿಂದ ಚರ್ಮದ ಬಾನಿ ಎತ್ತುತ್ತವೆ. ಒಂದು ಹಗ್ಗ ಭಾರ ಹೊರುತ್ತದೆ, ಇನ್ನೊಂದು ತೆಳ್ಳನೆಯದು ಬಾನಿಯ ಬಾಯಿಯನ್ನು ಹಿಡಿದಿರುತ್ತದೆ. ಹಗ್ಗ ದಿನಕ್ಕೆ ನೂರಾರು ಸಲ ಒದ್ದೆಯಾಗಬೇಕು, ರಾಟೆಯ ಮೇಲೆ ಬಾಗಬೇಕು, ಬಿಸಿಲಲ್ಲಿ ಒಣಗಬೇಕು. ಹುರಿ ಹಾಕಿದ ಹಗ್ಗ ಒದ್ದೆಯಾದಾಗ ಎಳೆಗಳು ಅಡ್ಡಕ್ಕೆ ಉಬ್ಬುತ್ತವೆ. ಸುತ್ತಿಕೊಂಡ ಎಳೆ ದಪ್ಪಗಾದರೆ ಒಟ್ಟು ಹಗ್ಗದ ಉದ್ದ ಕುಗ್ಗಲೇಬೇಕು. ಬಟ್ಟೆ ಒಣಹಾಕುವ ಹಗ್ಗ ಒದ್ದೆಯಾದಾಗ ತಂತಾನೆ ಬಿಗಿಯುವುದು ಹೀಗೆ. 1586ರಲ್ಲಿ ರೋಮಿನ ಸಂತ ಪೀಟರರ ಚೌಕದಲ್ಲಿ ಡೊಮೆನಿಕೊ ಫೊಂಟಾನಾ ಈಜಿಪ್ಟಿನ ಏಕಶಿಲಾ ಕಂಬವನ್ನು ನಿಲ್ಲಿಸುತ್ತಿದ್ದಾಗ ಹಗ್ಗಗಳು ಸಡಿಲಗೊಂಡವಂತೆ. ಬಾಯಿಬಿಟ್ಟವರಿಗೆ ಮರಣದಂಡನೆ ಎಂಬ ಆಜ್ಞೆ ಇದ್ದರೂ ಒಬ್ಬ ನಾವಿಕ ‘ಹಗ್ಗಕ್ಕೆ ನೀರು ಹಾಕಿ’ ಎಂದು ಕೂಗಿ ಕಂಬ ಉಳಿಸಿದನಂತೆ. ದಂತಕಥೆ ಇದ್ದೀತು. ಭೌತಶಾಸ್ತ್ರ ಮಾತ್ರ ಸರಿಯಾಗಿದೆ.

ಜನುಪದ ಕಥೆ ಬೇರೆ. 1800ರಲ್ಲಿ ಮಧುಗಿರಿ, ಶಿರಾ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸದ ಬರಹದಲ್ಲಿ, ಬೆಂಗಳೂರಿನ ಸಂದರ್ಭದಲ್ಲಿ, ಗೋಣಿ ನೇಯುವವರ ವಿವರ ಕೊಟ್ಟಿದ್ದಾನೆ. ಜನುಪದ ನಾರಿನಿಂದ ಒರಟಾದ, ಗಟ್ಟಿಯಾದ ಬಟ್ಟೆ, ಉದ್ದ 18ರಿಂದ 22 ಮೊಳ, ಅಗಲ ಅರ್ಧದಿಂದ ಮುಕ್ಕಾಲು ಮೊಳ. ಆ ಕಿರಿದಾದ ಪಟ್ಟಿಯನ್ನು ಹೊಲಿದು ಮಾಡಿದ ಚೀಲಗಳು ಹೇರೆತ್ತಿನ ಬೆನ್ನ ಮೇಲೆ ಭತ್ತ, ರಾಗಿ, ಉಪ್ಪು ಹೊತ್ತು ಘಟ್ಟ ಹತ್ತಿ ಇಳಿದವು. ರಾಯ್ಲ್ ಪುಸ್ತಕ ಬಂದ ಅದೇ 1855ರಲ್ಲಿ ಕಲ್ಕತ್ತೆಯ ಹತ್ತಿರದ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಬಂಗಾಳದ ಸೆಣಬು ಬಲದಲ್ಲಿ ಜನುಪಕ್ಕಿಂತ ಕಡಿಮೆ. ಆದರೆ ಮೃದು, ಯಂತ್ರದಲ್ಲಿ ಸಲೀಸಾಗಿ ನೂಲಾಗುತ್ತದೆ, ರಾಶಿ ರಾಶಿ ಸಿಗುತ್ತದೆ. ಗೋಣಿಚೀಲ ಎಂಬ ಹೆಸರು ಉಳಿಯಿತು, ಒಳಗಿನ ನಾರು ಬದಲಾಯಿತು. ಬಲವಾದದ್ದೇ ಗೆಲ್ಲುತ್ತದೆ ಎಂಬ ನಿಯಮ ನಾರಿನ ಲೋಕದಲ್ಲಿ ಇಲ್ಲ. ಎಕ್ಕ ಸೋತದ್ದೂ ಹೀಗೆಯೇ. ಕೊಂಬೆ ಕೊಂಬೆಯಾಗಿ ಬೆಳೆಯುವ ಗಿಡದ ತೊಗಟೆಯನ್ನು ಕಡ್ಡಿ ಕಡ್ಡಿಯಾಗಿ ಕೈಯಲ್ಲೇ ಸುಲಿಯಬೇಕು. ಹಾಲು ಬೇರೆ. ಅಷ್ಟು ಹೊತ್ತಿಗೆ ಒಂದು ಹೊರೆ ಪುಂಡಿ ನಾರಾಗಿರುತ್ತದೆ.

ಆಮೇಲೆ ಬಂತು ಪ್ಲಾಸ್ಟಿಕ್ ಹಗ್ಗ. ಸಂತೆಯಲ್ಲಿ ಎಲ್ಲರೂ ನೈಲಾನ್ ಎಂದರೂ ಬಣ್ಣಬಣ್ಣದ ಆ ಹಗ್ಗದಲ್ಲಿ ಹೆಚ್ಚಿನದು ಪಾಲಿಪ್ರಾಪಿಲೀನ್. ನೀರಿಗಿಂತ ಹಗುರ, ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ, ದಪ್ಪಕ್ಕೆ ತಕ್ಕಂತೆ ಕತ್ತಾಳೆಗಿಂತ ಗಟ್ಟಿ, ಬೆಲೆಯೂ ಕೈಗೆಟುಕುವಂಥದ್ದು. ಇದನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಸಾವಿರ ಅಡಿ ಆಳದ ಕೊಳವೆಬಾವಿಗೆ ಮೋಟಾರು ಇಳಿಸುವಾಗ ಜೊತೆಗೆ ಬಿಡುವ ಹಗ್ಗ ಕತ್ತಾಳೆಯದಾಗಿದ್ದರೆ, ನೀರು ಕುಡಿದು ತನ್ನ ತೂಕಕ್ಕೇ ಜೋತು, ಕೆಲವೇ ತಿಂಗಳಲ್ಲಿ ಕೊಳೆತು, ಮೋಟಾರು ಪಾತಾಳ ಸೇರುತ್ತಿತ್ತು. ಆದರೆ ಎತ್ತಿನ ಕೊರಳಿಗೆ ಅದೇ ಹಗ್ಗ ಒಳ್ಳೆಯದಲ್ಲ. ನುಣುಪಾದ್ದರಿಂದ ಗಂಟು ಜಾರುತ್ತದೆ. ಜಾರದ ಹಾಗೆ ಬಿಗಿದರೆ ಬೆವರು ಹೀರದೆ ಚರ್ಮ ಕೊರೆಯುತ್ತದೆ. ದನ ಓಡಿದಾಗ ಹಿಡಿದ ಅಂಗೈಯಲ್ಲಿ ಹಗ್ಗ ಸರ್ರನೆ ಜಾರಿದರೆ ಚರ್ಮ ಸುಡುತ್ತದೆ. ಪಾಲಿಪ್ರಾಪಿಲೀನ್ 165 ಡಿಗ್ರಿಗೇ ಕರಗುವ ವಸ್ತು, ತಿಕ್ಕಾಟದ ಬಿಸಿಗೆ ಅದರ ಎಳೆಯೂ ಅಲ್ಲಲ್ಲಿ ಕರಗಿ ಗಟ್ಟಿಯಾಗಿ ಮುಳ್ಳಾಗುತ್ತದೆ. ಕತ್ತಾಳೆ ಕರಗುವುದಿಲ್ಲ. ಬಿಸಿಲಿಗೆ ವರ್ಷಗಟ್ಟಲೆ ಬಿಟ್ಟ ಪ್ಲಾಸ್ಟಿಕ್ ಹಗ್ಗ ಕೊನೆಗೆ ಪುಡಿಪುಡಿಯಾಗಿ ಹೊಲದ ಮಣ್ಣಿಗೇ ಸೇರುತ್ತದೆ, ಕೊಳೆಯದೆ.

ಈಚೆಗೆ ಕತ್ತಾಳೆಗೆ ಮತ್ತೆ ಒಳ್ಳೆಯ ದಿನ ಬರುತ್ತವೆ ಎಂಬ ಮಾತು ಕೇಳಿಬರುತ್ತಿದೆ. ಜರ್ಮನಿಯ ಕಾರುಗಳ ಬಾಗಿಲಿನ ಒಳಹೊದಿಕೆಯಲ್ಲಿ ಅಗಸೆ, ಸೈಸಲ್ ನಾರಿನ ಹಾಳೆ ಬಳಸಿದ್ದಾರೆ, ಗಾಜಿನ ನಾರಿನ ಬದಲು ಗಿಡದ ನಾರು ಬರಲಿದೆ, ಹೀಗೆ. ಒಳಹೊದಿಕೆಯ ಮಾತು ನಿಜ. ಆದರೆ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಗಾಜಿನ ನಾರು ಒಂದು ಚದರ ಮಿಲಿಮೀಟರಿಗೆ 200 ಕಿಲೋಗೂ ಮೇಲೆ ಹೊರುತ್ತದೆ. ಅದರ ಸಾಂದ್ರತೆ 2.5, ಸೈಸಲ್‌ನದು 1.5ಕ್ಕೆ ಹತ್ತಿರ. ಹಗುರವಾಗಿದೆ ಎಂಬ ರಿಯಾಯಿತಿ ಕೊಟ್ಟರೂ ಬಿಗಿತದಲ್ಲಿ ಗಾಜಿನ ಹತ್ತಿರ ಸುಳಿಯುವುದು ಅಗಸೆ, ಸೈಸಲ್ ಅಲ್ಲ. ಪ್ಲಾಸ್ಟಿಕ್ ಜೊತೆ ಬೆರೆಸಿ ಅಚ್ಚು ಹಾಕುವಾಗ ಶಾಖ 200 ಡಿಗ್ರಿ ದಾಟಿದರೆ ಗಿಡದ ನಾರು ಕಂದಲು ಶುರುವಾಗುತ್ತದೆ. ನಾರಿಗೆ ನೀರು ಇಷ್ಟ, ಪ್ಲಾಸ್ಟಿಕ್ಕಿಗೆ ನೀರೆಂದರೆ ಆಗದು, ಇಬ್ಬರೂ ಅಂಟಿಕೊಳ್ಳಬೇಕಾದರೆ ಮೊದಲು ನಾರನ್ನು ಕ್ಷಾರದಲ್ಲಿ ತೊಳೆಯಬೇಕು. ಇವೆಲ್ಲ ಬಗೆಹರಿಯದ ತೊಡಕುಗಳಲ್ಲ. ಬಗೆಹರಿಯದ್ದು ಬದುವಿನಲ್ಲೇ ಇದೆ. ಒಂದು ಬದುವಿನ ಕತ್ತಾಳೆ ಇನ್ನೊಂದರಂತಿಲ್ಲ, ಪಟ್ಟೆ ಕೊಯ್ಯುವವರಿಲ್ಲ, ನೂರು ಕಿಲೋ ಹೊತ್ತು ತಂದು ನಾಲ್ಕು ಕಿಲೋ ನಾರು ತೆಗೆಯುವುದಕ್ಕೆ ಈಗಿನ ಕೂಲಿಯಲ್ಲಿ ಯಾರೂ ಕೂರುವುದಿಲ್ಲ. ಪಟ್ಟೆ ಇದ್ದಲ್ಲಿಗೇ ಹೋಗುವ ಸಣ್ಣ ಸಿಪ್ಪೆ ತೆಗೆಯುವ ಯಂತ್ರ, ಕೊಳೆಹಾಕದೆ ಹಸಿಯಾಗಿಯೇ ತಿರುಳು ಬಿಡಿಸುವುದು, ದರ್ಜೆ ಮಾಡಿ ಕೊಳ್ಳುವ ಒಬ್ಬ ವ್ಯಾಪಾರಿ: ಇವಿಷ್ಟು ಇಲ್ಲದೆ ನಾರಿನ ಬಲದ ಬಗ್ಗೆ ಎಷ್ಟು ಹೊಗಳಿದರೂ ಮಿಡಿಗೇಶಿಯ ರೈತನ ಜೇಬಿಗೆ ಏನೂ ಬೀಳದು.

ಬಲವನ್ನು ಸ್ವತಃ ಅಳೆದು ನೋಡುವ ಕುತೂಹಲವಿರುವ ಹೈಸ್ಕೂಲು ಮಕ್ಕಳಿಗೆ, ಮೇಷ್ಟರಿಗೆ ಪ್ರಯೋಗಾಲಯ ಬೇಕಿಲ್ಲ. ಐನೂರು ವರ್ಷದ ಹಿಂದೆ ಲಿಯೊನಾರ್ಡೊ ಡ ವಿಂಚಿ ಕಬ್ಬಿಣದ ತಂತಿಯ ಬಲ ನೋಡಲು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಉಪಾಯ ಬರೆದಿದ್ದ. ತಂತಿಗೆ ಬುಟ್ಟಿ ತೂಗುಬಿಟ್ಟು, ಮೇಲಿನ ಗೂಡಿನಿಂದ ಸಣ್ಣಗೆ ಮರಳು ಸುರಿಸುವುದು, ತಂತಿ ಹರಿದು ಬುಟ್ಟಿ ಬಿದ್ದೊಡನೆ ಮರಳು ನಿಲ್ಲುವಂತೆ ಮಾಡಿ ತೂಗುವುದು. ನಮಗೆ ಒಂದು ಬೇವಿನ ಕೊಂಬೆ, ಹಗುರವಾದ ಪ್ಲಾಸ್ಟಿಕ್ ಚೊಂಬು, ನೀರು ಸಾಕು. ನೀರು ಒಂದು ಲೀಟರಿಗೆ ಒಂದು ಕಿಲೋ, ತಕ್ಕಡಿಯೂ ಬೇಡ. ಒಂದೊಂದೇ ಎಳೆ ತೆಗೆದುಕೊಂಡು, ಎಲ್ಲವನ್ನೂ ಗೇಣುದ್ದಕ್ಕೇ ಹಿಡಿದು, ಒಂದೇ ಗಿಡದ ಕನಿಷ್ಠ ಇಪ್ಪತ್ತು ಎಳೆ ನೋಡಬೇಕು. ಎರಡು-ಮೂರು ನೋಡಿ ತೀರ್ಮಾನ ಮಾಡಿದರೆ ಆ ತೀರ್ಮಾನ ಎಳೆಯದು, ಗಿಡದ್ದಲ್ಲ. ಎಕ್ಕದ ಎಳೆ ತೆಗೆಯುವಾಗ ಹಾಲು ಪೂರ್ತಿ ಒಣಗಿರಲಿ, ಕೈ ಕಣ್ಣಿಗೆ ಹೋಗದಿರಲಿ. ತುದಿಗಳಿಗೆ ಗಂಟು ಹಾಕಬೇಡಿ, ಪೆನ್ಸಿಲ್ಲಿಗೆ ನಾಲ್ಕೈದು ಸುತ್ತು ಸುತ್ತಿ ಅಂಟು ಹಚ್ಚಿ. ನೀರನ್ನು ದಬದಬನೆ ಹೊಯ್ಯದೆ ಸಣ್ಣ ಧಾರೆಯಲ್ಲಿ ಬಿಡಿ. ಪೆನ್ಸಿಲ್ಲಿನ ಅಂಚಿನಲ್ಲೇ ಎಳೆ ಹರಿದರೆ ಆ ಲೆಕ್ಕ ಬರೆದುಕೊಳ್ಳಬೇಡಿ. ಹರಿಸಿದ್ದು ಅಂಚು, ನೀರಿನ ಭಾರವಲ್ಲ. ದೊಡ್ಡ ಪ್ರಯೋಗಾಲಯಗಳಲ್ಲೂ ಯಂತ್ರದ ಹಲ್ಲಿನ ಬಳಿ ಹರಿದ ಎಳೆಯನ್ನು ಲೆಕ್ಕದಿಂದ ಬಿಟ್ಟು ಇನ್ನೊಂದು ಎಳೆ ಹಾಕುತ್ತಾರೆ.